ಈ ಆಂಟೋನಿನಸ್ ಯಾವ ಆಂಟೋನಿನಸ್?

ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿ ನಾಣ್ಯ. ಬಲಕ್ಕೆ ಮುಖ ಮಾಡಿದ ತಲೆ, ತಲೆಯ ಮೇಲೆ ಎಲೆಗಳ ಮಾಲೆ. ಅಂಚಿನ ಸುತ್ತ ‘ಆಂಟೋನಿನಸ್ ಪಯಸ್ ಆಗ್’ ಎಂಬ ಬರಹ. ಲ್ಯಾಟಿನ್ ಬಾರದಿದ್ದರೂ ಇಂಗ್ಲಿಷ್ ಅಕ್ಷರ ಬಲ್ಲವರು ಇಷ್ಟನ್ನು ಓದಿಬಿಡಬಹುದು. ರೋಮ್ ಇತಿಹಾಸದ ಯಾವ ಪುಸ್ತಕ ತೆರೆದರೂ ಆಂಟೋನಿನಸ್ ಪಯಸ್ ಎಂಬ ಚಕ್ರವರ್ತಿ ಸಿಗುತ್ತಾನೆ. ಕ್ರಿ.ಶ. 138ರಿಂದ 161ರವರೆಗೆ ಆಳಿದವನು, ಸೌಮ್ಯನೆಂದು ಹೆಸರಾದವನು. ಗುರುತು ಸಿಕ್ಕಿತೆಂದು ಚೀಟಿ ಬರೆದು ಅಂಟಿಸಿದರೆ ಕೆಲಸ ಕೆಟ್ಟಿತು. ಇದೇ ಮೂರು ಪದ ಇದೇ ಸರದಿಯಲ್ಲಿರುವ ನಾಣ್ಯ ಸಾಮಾನ್ಯವಾಗಿ ಆ ಪುಣ್ಯಾತ್ಮನದಲ್ಲ. ಅವನು ಸತ್ತು ನಲವತ್ತು ವರ್ಷಗಳಾದ ಮೇಲೆ ಪಟ್ಟದಲ್ಲಿದ್ದ, ಒಡಹುಟ್ಟಿದ ತಮ್ಮನನ್ನೇ ಕೊಲ್ಲಿಸಿದ ಕ್ಯಾರಕಲ್ಲನದು.

ಗುಟ್ಟಿರುವುದು ಪದಗಳ ಸರದಿಯಲ್ಲಿ. ಅಸಲಿ ಆಂಟೋನಿನಸ್ ಪಯಸ್ ತನ್ನ ನಾಣ್ಯಗಳಲ್ಲಿ ‘ಆಂಟೋನಿನಸ್ ಆಗ್ ಪಯಸ್’ ಎಂದು ಬರೆಸುತ್ತಿದ್ದ. ಆಗಸ್ಟಸ್ ಎಂಬ ಪದವಿ ಮೊದಲು, ಪಯಸ್ ಎಂಬ ಬಿರುದು ಆಮೇಲೆ. ಕ್ಯಾರಕಲ್ಲನ ಟಂಕಸಾಲೆ ಬಿರುದನ್ನು ಮುಂದಕ್ಕೆ ತಂದು ಪದವಿಯನ್ನು ಹಿಂದಕ್ಕೆ ಹಾಕಿತು. ಎರಡು ಪುಟ್ಟ ಪದ ಅದಲುಬದಲಾದದ್ದನ್ನು ಗಮನಿಸದಿದ್ದರೆ ನಾಣ್ಯ ಬೇರೊಂದು ರಾಜವಂಶಕ್ಕೇ ಸೇರಿಹೋಗುತ್ತದೆ.

ರೋಮನ್ ನಾಣ್ಯಗಳನ್ನು ಹಿಡಿದು ಕೂತವರಿಗೆ ಈ ತಾಪತ್ರಯ ದಿನವೂ ಇದ್ದದ್ದೇ. ಫಿಲಿಪ್ ಇಬ್ಬರು, ಗಾರ್ಡಿಯನ್ ಮೂವರು, ಕಾನ್‌ಸ್ಟಾಂಟಿಯಸ್ ಮೂವರು, ಫಾಸ್ಟೀನಾ ಇಬ್ಬರು. ಒಂದನೆಯವನು, ಎರಡನೆಯವನು ಎಂಬ ಎಣಿಕೆ ನಾಣ್ಯದ ಮೇಲೆ ಇರುವುದಿಲ್ಲ. ಅದು ನಮ್ಮ ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಎಂಬಂತೆ ಇತಿಹಾಸ ಬರೆದವರು ಅನುಕೂಲಕ್ಕೆ ಹಾಕಿಕೊಂಡ ಲೆಕ್ಕ. ಕ್ಯಾರಕಲ್ಲ ಎಂಬುದು ಅವನು ತೊಡುತ್ತಿದ್ದ ಗಾಲ್ ಪ್ರಾಂತ್ಯದ ಮುಸುಕಿನ ನಿಲುವಂಗಿಯಿಂದ ಬಂದ ಅಡ್ಡಹೆಸರು. ಅವನ ಒಂದು ನಾಣ್ಯದಲ್ಲೂ ಆ ಹೆಸರಿಲ್ಲ.

ಹಾಗಾದರೆ ಹೆಸರುಗಳು ಇಷ್ಟೊಂದು ಮರುಕಳಿಸಿದ್ದೇಕೆ? ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಮನೆತನದ ವಾಡಿಕೆ ಒಂದು ಕಾರಣ. ಅದಕ್ಕಿಂತ ದೊಡ್ಡದು ರಾಜಕೀಯ. ಆಂಟೋನಿನಸ್ ಎಂಬ ಹೆಸರಿನ ಕಥೆಯನ್ನೇ ನೋಡಿ. ಪಯಸ್‌ನ ದತ್ತುಮಗ ಮಾರ್ಕಸ್ ಆರೇಲಿಯಸ್ ಆ ಹೆಸರು ಹೊತ್ತ. ಅವನ ಮಗ ಕೊಮೋಡಸ್‌ನೂ ಹೊತ್ತ. ಇಲ್ಲಿಯವರೆಗೆ ನ್ಯಾಯವಾದ ಉತ್ತರಾಧಿಕಾರ. 192ರ ಕೊನೆಯ ದಿನ ಕೊಮೋಡಸ್ ಕೊಲೆಯಾದ. ಅಂತರ್ಯುದ್ಧ ನಡೆದು ಆಫ್ರಿಕದ ಲೆಪ್ಟಿಸ್ ಮ್ಯಾಗ್ನಾ ಊರಿನ ಸೆಪ್ಟಿಮಿಯಸ್ ಸೆವೆರಸ್ ಗದ್ದುಗೆ ಹಿಡಿದ. ಅವನಿಗೆ ಆ ಮನೆತನದೊಂದಿಗೆ ರಕ್ತಸಂಬಂಧವೇನೂ ಇರಲಿಲ್ಲ. 195ರಲ್ಲಿ ತಾನು ಮಾರ್ಕಸ್ ಆರೇಲಿಯಸ್‌ನ ಮಗ ಎಂದು ತಾನೇ ಘೋಷಿಸಿಕೊಂಡ. ದತ್ತು ತೆಗೆದುಕೊಳ್ಳಬೇಕಾದವನು ಸತ್ತು ಹದಿನೈದು ವರ್ಷಗಳಾಗಿದ್ದವು! ಆ ಸಲುವಾಗಿಯೇ ಬಾಸಿಯಾನಸ್ ಎಂಬ ತನ್ನ ಹಿರಿಯ ಮಗನಿಗೆ ಮಾರ್ಕಸ್ ಆರೇಲಿಯಸ್ ಆಂಟೋನಿನಸ್ ಎಂದು ಮರುನಾಮಕರಣ ಮಾಡಿದ. ಆ ಹುಡುಗನೇ ಕ್ಯಾರಕಲ್ಲ.

217ರಲ್ಲಿ ಕ್ಯಾರಕಲ್ಲನ ಕೊಲೆಯಾಗಿ ಮ್ಯಾಕ್ರಿನಸ್ ಪಟ್ಟಕ್ಕೆ ಬಂದ. ಸೈನ್ಯದ ಮನ ಒಲಿಸಲು ಅವನೂ ತನ್ನ ಎಳೆಯ ಮಗ ಡಯಡುಮೇನಿಯನ್‌ಗೆ ಆಂಟೋನಿನಸ್ ಹೆಸರನ್ನು ಅಂಟಿಸಿದ. ಆ ಹುಡುಗನ ನಾಣ್ಯಗಳಲ್ಲಿ ‘ಎ ಎನ್ ಟಿ’ ಎಂಬ ಮೂರಕ್ಷರ ನಡುವೆ ತೂರಿಕೊಂಡಿದೆ. ಅಷ್ಟರಲ್ಲಿ ಸಿರಿಯಾದ ಎಮೇಸಾದಲ್ಲಿ, ಅಂದರೆ ಇಂದಿನ ಹೋಮ್ಸ್ ನಗರದಲ್ಲಿ, ಜೂಲಿಯಾ ಮೇಸಾ ಎಂಬ ಗಟ್ಟಿಗಿತ್ತಿ ಅಜ್ಜಿ ಬೇರೆಯೇ ಆಟ ಹೂಡಿದ್ದಳು. ಸೂರ್ಯದೇವನ ಗುಡಿಯಲ್ಲಿ ಅರ್ಚಕನಾಗಿದ್ದ ತನ್ನ ಹದಿನಾಲ್ಕರ ಮೊಮ್ಮಗ ನಿಜಕ್ಕೂ ಕ್ಯಾರಕಲ್ಲನಿಗೆ ಹುಟ್ಟಿದವನು ಎಂಬ ಮಾತನ್ನು ಸೈನಿಕರ ಕಿವಿಗೆ ಹಾಕಿಸಿದಳು. ಸೈನ್ಯ ನಂಬಿತು, ಅಥವಾ ನಂಬಿದಂತೆ ನಡೆದುಕೊಂಡಿತು. 218ರಲ್ಲಿ ಹುಡುಗ ಚಕ್ರವರ್ತಿಯಾದ. ಅವನ ಅಧಿಕೃತ ಹೆಸರೂ ಮಾರ್ಕಸ್ ಆರೇಲಿಯಸ್ ಆಂಟೋನಿನಸ್! ಇತಿಹಾಸ ಅವನನ್ನು ಅವನ ದೇವರ ಹೆಸರಿನಿಂದ ಎಲಗಬಾಲಸ್ ಎಂದು ಕರೆಯುತ್ತದೆ. ನಾಣ್ಯ ಹಾಗೆ ಕರೆಯುವುದಿಲ್ಲ.

ಹೀಗಾಗಿ ನಾಣ್ಯದ ಮೇಲಿನ ಹೆಸರನ್ನು ಪರಿಚಯಪತ್ರದಂತೆ ಓದಬಾರದು ಎಂಬುದು ನನ್ನ ಅಭಿಪ್ರಾಯ. ದೊರೆ ತಾನು ಯಾರ ವಾರಸುದಾರನೆಂದು ನಂಬಿಸಬಯಸಿದ್ದನೋ ಅದು ಅಲ್ಲಿದೆ. ಎರಡು ನಾಣ್ಯಗಳಲ್ಲಿ ಒಂದೇ ಹೆಸರಿದ್ದರೆ, ಬಹಳ ಸಲ ಅದು ಬೇಕೆಂದೇ ಮಾಡಿದ್ದು. ಗುರುತಿಸಬೇಕೆನ್ನುವವರು ಹೆಸರನ್ನು ಕೊನೆಗಿಟ್ಟುಕೊಂಡು ಉಳಿದದ್ದನ್ನೆಲ್ಲ ಮೊದಲು ನೋಡಬೇಕು.

ಉಳಿದದ್ದು ಎಂದರೆ ಏನೇನು? ಮೊದಲು ಅಕ್ಷರ. ರೋಮನ್ನರ ಕೆತ್ತನೆಯಲ್ಲಿ ‘ಯು’ ಇಲ್ಲ. ಅದರ ಜಾಗದಲ್ಲಿ ‘ವಿ’. ಪದಗಳ ನಡುವೆ ತೆರಪು ಇರಬಹುದು, ಇಲ್ಲದಿರಬಹುದು. ಮೊಟಕು ಮಾಡಿದ ಪದಗಳೇ ಹೆಚ್ಚು: ‘ಐ ಎಂ ಪಿ’ ಎಂದರೆ ಇಂಪರೇಟರ್, ‘ಎ ವಿ ಜಿ’ ಎಂದರೆ ಆಗಸ್ಟಸ್, ‘ಸಿ ಓ ಎಸ್’ ಎಂದರೆ ಕಾನ್ಸಲ್ ಹುದ್ದೆ. ‘ಟಿ ಆರ್ ಪಿ’ ಎಂದರೆ ಟ್ರಿಬ್ಯೂನನ ಅಧಿಕಾರ. ಇದು ಪ್ರತಿವರ್ಷ ನವೀಕರಣವಾಗುತ್ತಿತ್ತು, ಪಕ್ಕದಲ್ಲಿ ರೋಮನ್ ಅಂಕಿ ಏರುತ್ತಿತ್ತು. ನಾಣ್ಯ ಗುರುತಿಸುವವರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಕ್ಯಾರಕಲ್ಲ ಮತ್ತು ಎಲಗಬಾಲಸ್ ವಿಷಯದಲ್ಲಿ ಈ ಅಂಕಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಎಲಗಬಾಲಸ್ ಆಳಿದ್ದು ನಾಲ್ಕೇ ವರ್ಷ. 222ರಲ್ಲಿ ಅವನನ್ನು ಕೊಂದಾಗ ಟ್ರಿಬ್ಯೂನ್ ಅಂಕಿ ಐದಕ್ಕೆ ನಿಂತಿತ್ತು. ಕ್ಯಾರಕಲ್ಲ 198ರಲ್ಲೇ, ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗಲೇ, ತಂದೆಯ ಜೊತೆ ಸಹಚಕ್ರವರ್ತಿಯಾದವನು. ಅವನ ಅಂಕಿ ಇಪ್ಪತ್ತರವರೆಗೆ ಹೋಗುತ್ತದೆ. ಐದು ದಾಟಿದ್ದರೆ ಕ್ಯಾರಕಲ್ಲ, ಸಂಶಯವೇ ಬೇಡ. ಐದರೊಳಗಿದ್ದರೆ ಪಕ್ಕದ ಕಾನ್ಸಲ್ ಅಂಕಿ ನೋಡಬೇಕು. ಟ್ರಿಬ್ಯೂನ್ ಮೂರು, ಕಾನ್ಸಲ್ ಮೂರು ಎಂದಿದ್ದರೆ ಅದು 220ನೇ ಇಸವಿಯ ಎಲಗಬಾಲಸ್. ಕ್ಯಾರಕಲ್ಲ ಮೂರನೇ ಸಲ ಕಾನ್ಸಲ್ ಆಗುವ ಹೊತ್ತಿಗೆ ಅವನ ಟ್ರಿಬ್ಯೂನ್ ಅಂಕಿ ಹನ್ನೊಂದಾಗಿತ್ತು.

ಅಂಕಿ ಸವೆದುಹೋಗಿದ್ದರೆ ಬೇರೆ ದಾರಿಗಳಿವೆ. ‘ಬ್ರಿಟ್’ ಎಂದರೆ ಬ್ರಿಟನ್ ಗೆದ್ದವನು, ‘ಜರ್ಮ್’ ಎಂದರೆ ಜರ್ಮನರನ್ನು ಗೆದ್ದವನು. ಇಬ್ಬರಲ್ಲಿ ಈ ಬಿರುದುಗಳಿದ್ದದ್ದು ಕ್ಯಾರಕಲ್ಲನಿಗೆ ಮಾತ್ರ. ಮೊದಲನೆಯದು 210ರ ಸುಮಾರಿನಿಂದ, ಎರಡನೆಯದು 213ರಿಂದ. ಆಂಟೋನಿನಸ್ ಹೆಸರಿಗೆ ಮೊದಲು ‘ಐ ಎಂ ಪಿ’ ಹಚ್ಚಿ ‘ಪಯಸ್ ಆಗ್’ ಎಂದು ಮುಗಿಸಿದ್ದರೆ ಸಾಮಾನ್ಯವಾಗಿ ಎಲಗಬಾಲಸ್. ಹಿಂಬದಿಯ ಖಾಲಿ ಜಾಗದಲ್ಲೊಂದು ಪುಟ್ಟ ನಕ್ಷತ್ರ ಕಂಡರೂ ಹೆಚ್ಚಾಗಿ ಅವನೇ. ಅವನ ಕೊನೆಯ ವರ್ಷಗಳ ಕೆಲವು ನಾಣ್ಯಗಳಲ್ಲಿ ಹಣೆಯ ಮೇಲೆ ಕೊಂಬಿನಂಥದ್ದೊಂದು ಚಾಚಿಕೊಂಡಿರುತ್ತದೆ. ಅದು ಏನೆಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಿದ್ದಾರೆ; ನಮಗೆ ಗುರುತು ಸಿಕ್ಕರೆ ಸಾಕು. ಇನ್ನು ಮುಖ: ಪ್ರಾಯಕ್ಕೆ ಬಂದ ಕ್ಯಾರಕಲ್ಲನದು ಹುಬ್ಬು ಗಂಟಿಕ್ಕಿದ, ಗಡ್ಡದ, ದಪ್ಪ ಕತ್ತಿನ ಸಿಡುಕು ಮೋರೆ. ಎಲಗಬಾಲಸ್‌ನದು ದುಂಡು ತುಟಿಯ ಹುಡುಗನ ಮುಖ. ಆದರೆ ಹದಿನಾಲ್ಕು, ಹದಿನೈದರ ಕ್ಯಾರಕಲ್ಲ ಕೂಡ ನುಣುಪು ಕೆನ್ನೆಯ ಹುಡುಗನೇ. ಆದ್ದರಿಂದ ಮುಖವೊಂದನ್ನೇ ನೆಚ್ಚಬೇಡಿ.

ಬೋಳು ಹಣೆಯ ಸಾಕ್ಷಿ

ಮುಖವನ್ನೇ ನೆಚ್ಚದೆ ಬೇರೆ ಗತಿಯಿಲ್ಲದ ಪ್ರಕರಣವೂ ಒಂದಿದೆ. 238ನೇ ಇಸವಿ. ಆಫ್ರಿಕ ಪ್ರಾಂತ್ಯದ ಥಿಸ್‌ಡ್ರಸ್‌ನಲ್ಲಿ, ಅಂದರೆ ಇಂದಿನ ಟ್ಯುನೀಶಿಯದ ಎಲ್ ಜೆಮ್‌ನಲ್ಲಿ, ಸುಲಿಗೆಯ ತೆರಿಗೆಗೆ ರೊಚ್ಚಿಗೆದ್ದ ಜಮೀನುದಾರರ ಮಕ್ಕಳು ವಸೂಲಿ ಅಧಿಕಾರಿಯನ್ನು ಕೊಂದುಹಾಕಿದರು. ಕೊಂದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಎಂಬತ್ತರ ಅಂಚಿನಲ್ಲಿದ್ದ ರಾಜ್ಯಪಾಲ ಗಾರ್ಡಿಯನ್‌ನ ಮನೆಗೆ ನುಗ್ಗಿ, ಒಲ್ಲೆ ಎಂದರೂ ಬಿಡದೆ ಚಕ್ರವರ್ತಿ ಎಂದು ಸಾರಿದರು. ಮುದುಕ ತನ್ನದೇ ಹೆಸರಿನ ಮಗನನ್ನು ಸಹಚಕ್ರವರ್ತಿ ಮಾಡಿಕೊಂಡ. ಆಗಿನ ಚಕ್ರವರ್ತಿ ಮ್ಯಾಕ್ಸಿಮಿನಸ್‌ನನ್ನು ದ್ವೇಷಿಸುತ್ತಿದ್ದ ರೋಮಿನ ಸೆನೆಟ್ ತಡಮಾಡದೆ ಒಪ್ಪಿಗೆ ಕೊಟ್ಟಿತು, ರೋಮಿನಲ್ಲಿ ನಾಣ್ಯವೂ ಅಚ್ಚಾಗತೊಡಗಿತು. ಇತ್ತ ನೆರೆಯ ನುಮಿಡಿಯದ ರಾಜ್ಯಪಾಲ ಕಪೆಲಿಯಾನಸ್ ಸೈನ್ಯದೊಂದಿಗೆ ಕಾರ್ತೇಜಿನ ಮೇಲೆ ಬಿದ್ದ. ಮಗ ಯುದ್ಧದಲ್ಲಿ ಸತ್ತ, ಸುದ್ದಿ ತಿಳಿದ ಅಪ್ಪ ನೇಣು ಹಾಕಿಕೊಂಡ. ಪಟ್ಟ ಉಳಿದದ್ದು ಮೂರು ವಾರ.

ಆ ಮೂರು ವಾರಗಳ ಆಳ್ವಿಕೆಯ ನಾಣ್ಯಗಳಲ್ಲಿ ಅಪ್ಪನ ಹೆಸರು, ಮಗನ ಹೆಸರು ಒಂದೇ: ‘ಐ ಎಂ ಪಿ, ಎಂ, ಎ ಎನ್ ಟಿ, ಗಾರ್ಡಿಯಾನಸ್, ಎ ಎಫ್ ಆರ್, ಎ ವಿ ಜಿ’. ಒಂದಕ್ಷರವೂ ಆಚೀಚೆ ಇಲ್ಲ. ಹಿಂಬದಿಯ ಕೆಲವು ಬರಹಗಳ ಕೊನೆಯಲ್ಲಿ ‘ಎ ವಿ ಜಿ ಜಿ’ ಎಂದು ಜೋಡಿ ‘ಜಿ’ ಇದೆ. ರೋಮನ್ನರಲ್ಲಿ ಅಕ್ಷರ ಇಮ್ಮಡಿಸಿದರೆ ಚಕ್ರವರ್ತಿಗಳು ಇಬ್ಬರು ಎಂದರ್ಥ. ಇಬ್ಬರಿದ್ದರೆಂದು ನಮಗೂ ಗೊತ್ತು. ಇದರಲ್ಲಿ ಯಾರು ಎಂಬುದು ತಾನೇ ಪ್ರಶ್ನೆ? ಉತ್ತರ ಹಣೆಯಲ್ಲಿದೆ. ಅಪ್ಪನ ಹಣೆಯ ಮೇಲೆ ಮುಂಗೂದಲು ಉಳಿದಿದೆ, ಕೆನ್ನೆ ಬತ್ತಿದೆ. ಮಗನ ಮುಂದಲೆ ಬೋಳಾಗಿ ಕೂದಲು ಹಿಂದಕ್ಕೆ ಸರಿದಿದೆ, ಮುಖ ತುಂಬಿಕೊಂಡಿದೆ. ಎಂಬತ್ತರ ಮುದುಕನಿಗೆ ಕೂದಲು, ಮಗನಿಗೆ ಬಕ್ಕತಲೆ! ಅಚ್ಚು ಕೆತ್ತಿದವನು ಇಬ್ಬರನ್ನೂ ಕಣ್ಣಾರೆ ಕಂಡಿರಲಿಕ್ಕಿಲ್ಲ. ಇಬ್ಬರೂ ಚಕ್ರವರ್ತಿಗಳಾಗಿ ರೋಮಿಗೆ ಕಾಲಿಡಲೇ ಇಲ್ಲ. ಆದರೂ ಅವನು ಉಳಿಸಿಕೊಟ್ಟ ಆ ನಾಲ್ಕು ಎಳೆ ಕೂದಲಿನ ಮೇಲೆಯೇ ಇಂದಿಗೂ ತೀರ್ಪು ನಿಂತಿದೆ. ಸವೆದ ನಾಣ್ಯವಾದರೆ ಆ ಸಾಕ್ಷಿಯೂ ಹೋಯಿತು.

ಮೂರನೆಯ ಗಾರ್ಡಿಯನ್ ಮುದುಕನ ಮಗಳ ಮಗ, ಪಟ್ಟಕ್ಕೆ ಬಂದಾಗ ಹದಿಮೂರು ವರ್ಷ. ಅವನ ಹೆಸರಿನ ಜೊತೆ ‘ಎ ಎಫ್ ಆರ್’ ಇಲ್ಲ, ಗಡ್ಡವೂ ಇಲ್ಲ. ಅವನ ನಾಣ್ಯಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟು. ಅಜ್ಜ, ಮಾವಂದಿರವು ಅಪರೂಪ, ದುಬಾರಿ. ಈ ಅಂತರವಿರುವ ಕಡೆ ಮೋಸಕ್ಕೂ ಜಾಗವಿರುತ್ತದೆ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಹೆಂಗಸರ ನಾಣ್ಯಗಳಲ್ಲಿ ತುರುಬೇ ಪಂಚಾಂಗ. ಆಂಟೋನಿನಸ್ ಪಯಸ್‌ನ ಹೆಂಡತಿ ಫಾಸ್ಟೀನಾ. ಮಗಳೂ ಫಾಸ್ಟೀನಾ, ಮಾರ್ಕಸ್ ಆರೇಲಿಯಸ್‌ನ ಹೆಂಡತಿ. ಇಬ್ಬರ ನಾಣ್ಯದಲ್ಲೂ ‘ಫಾಸ್ಟೀನಾ ಆಗಸ್ಟಾ’ ಎಂದಿರುತ್ತದೆ. ತಾಯಿ ಜಡೆಗಳನ್ನು ನೆತ್ತಿಯ ಮೇಲಕ್ಕೆ ಸುತ್ತಿ ಗಂಟು ಹಾಕುತ್ತಿದ್ದಳು. ಮಗಳ ತುರುಬು ತಲೆಯ ಹಿಂದೆ. ತಾಯಿ 140ರಲ್ಲೇ ತೀರಿಕೊಂಡಳು, ಗಂಡ ಮುಂದೆ ಇಪ್ಪತ್ತು ವರ್ಷ ಅವಳ ಹೆಸರಿನಲ್ಲಿ ನಾಣ್ಯ ಹೊಡೆಸುತ್ತಲೇ ಇದ್ದ. ಹಾಗಾಗಿ ‘ದಿವಾ’, ಅಂದರೆ ದೈವತ್ವಕ್ಕೇರಿದವಳು, ಎಂದಿರುವ ಫಾಸ್ಟೀನಾ ನಾಣ್ಯಗಳಲ್ಲಿ ಹೆಚ್ಚಿನವು ತಾಯಿಯವು. ಮಗಳು ಸತ್ತ ಮೇಲೆ ಅವಳಿಗೆ ‘ದಿವಾ ಫಾಸ್ಟೀನಾ ಪಿಯಾ’ ಎಂದು ಒಂದು ಪದ ಹೆಚ್ಚಾಯಿತು.

ಹಿಂಬದಿ ತಿರುಗಿಸಿ ನೋಡಿ

ನಾಲ್ಕನೇ ಶತಮಾನಕ್ಕೆ ಬಂದರೆ ಮುಖಗಳನ್ನು ನಂಬುವ ಕಾಲ ಮುಗಿಯಿತು. ಕೆತ್ತುವವರು ವ್ಯಕ್ತಿಯನ್ನು ಬಿಟ್ಟು ‘ಚಕ್ರವರ್ತಿ’ ಎಂಬ ಒಂದೇ ಮುಖವನ್ನು ಎಲ್ಲರಿಗೂ ಹಚ್ಚತೊಡಗಿದರು. ಅದೇ ಹೊತ್ತಿಗೆ ಕಾನ್‌ಸ್ಟಂಟೈನ್ ಮನೆತನ ತನ್ನ ಮಕ್ಕಳಿಗೆ ಕಾನ್‌ಸ್ಟಂಟೈನ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್ ಎಂದು ಹೆಸರಿಟ್ಟು ಮುಂದಿನವರ ಹೊಟ್ಟೆ ಉರಿಸಿತು.

ಉದಾಹರಣೆಗೆ, ಕಾನ್‌ಸ್ಟಾಂಟಿಯಸ್ ಹೆಸರು, ಜೊತೆಗೆ ಸೀಸರ್ ಎಂಬ ಕಿರಿಯ ಪದವಿ ಇರುವ ತಾಮ್ರದ ನಾಣ್ಯವೊಂದು ಕೈಗೆ ಬಂತೆನ್ನಿ. ಮೂವರು ವಾರಸುದಾರರಿದ್ದಾರೆ. 293ರಿಂದ 305ರವರೆಗೆ ಸೀಸರ್ ಆಗಿದ್ದ ಅಜ್ಜ, 324ರಲ್ಲಿ ಸೀಸರ್ ಆದ ಮೊಮ್ಮಗ, 351ರಿಂದ 354ರವರೆಗಿದ್ದ ಇನ್ನೊಬ್ಬ ಮೊಮ್ಮಗ ಗ್ಯಾಲಸ್. ಹೆಸರು ಓದಿ ಪ್ರಯೋಜನವಿಲ್ಲ, ನಾಣ್ಯವನ್ನು ತಿರುಗಿಸಿ. ನಾಣ್ಯ ದೊಡ್ಡದಾಗಿದ್ದು, ಮುಂದೆ ಗಡ್ಡದ ಮುಖ, ಹಿಂದೆ ರೋಮ್ ಪ್ರಜೆಗಳ ರಕ್ಷಕ ದೇವತೆ ಬಟ್ಟಲು ಹಿಡಿದು ನಿಂತಿದ್ದರೆ ಅಜ್ಜ. ಚಿಕ್ಕ ನಾಣ್ಯದ ಹಿಂದೆ ಇಬ್ಬರು ಸೈನಿಕರು ಧ್ವಜಗಂಬದ ಆಚೀಚೆ ನಿಂತಿದ್ದರೆ ಮೊದಲ ಮೊಮ್ಮಗ. ಕುದುರೆಯಿಂದ ಉರುಳುತ್ತಿರುವ ಶತ್ರುವಿಗೆ ಸೈನಿಕ ಈಟಿಯಿಂದ ತಿವಿಯುತ್ತಿದ್ದು, ಮುಂಬದಿಯ ತಲೆಯಲ್ಲಿ ಮಾಲೆಯಾಗಲಿ ಮುತ್ತಿನ ಪಟ್ಟಿಯಾಗಲಿ ಇಲ್ಲದೆ ಬರಿದಾಗಿದ್ದರೆ ಗ್ಯಾಲಸ್. ಅದೇ ಉರುಳುವ ಕುದುರೆ ಸವಾರ ಇದ್ದು ತಲೆಗೆ ಮುತ್ತಿನ ಪಟ್ಟಿ ಇದ್ದರೆ, ಅಷ್ಟರಲ್ಲಿ ಪೂರ್ಣ ಚಕ್ರವರ್ತಿಯಾಗಿದ್ದ ಮೊದಲ ಮೊಮ್ಮಗನೇ. ಸೀಸರ್‌ಗೆ ಆ ಪಟ್ಟಿ ಸಲ್ಲುವುದಿಲ್ಲ. ಗ್ಯಾಲಸ್‌ನನ್ನು ಕೊಲ್ಲಿಸಿದ್ದೂ ಅದೇ ಚಕ್ರವರ್ತಿ.

ಮೊದಲನೇ ಶತಮಾನದ ಬಲೆಗಳು ಬೇರೆ ತರಹದವು. ಕ್ಲಾಡಿಯಸ್ ಕಾಲದ ಒಂದು ನಾಣ್ಯ ‘ನೀರೊ ಕ್ಲಾಡಿಯಸ್ ಡ್ರೂಸಸ್’ ಎಂದು ಶುರುವಾಗುತ್ತದೆ. ನೀರೊ ಎಂದು ಕಂಡೊಡನೆ ಪಿಟೀಲಿನ ಕಥೆ ನೆನಪಾಗುವುದು ಸಹಜ. ಆದರೆ ಈತ ಕ್ಲಾಡಿಯಸ್‌ನ ತಂದೆ. ಆ ನೀರೊ ಹುಟ್ಟುವುದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ಮೊದಲೇ, ಕ್ರಿ.ಪೂ. 9ರಲ್ಲಿ, ಜರ್ಮನಿಯ ದಂಡಯಾತ್ರೆಯಲ್ಲಿ ಸತ್ತವನು. ವೆಸ್ಪಾಸಿಯನ್ ಮತ್ತು ಅವನ ಮಗ ಟೈಟಸ್ ಇಬ್ಬರ ಪೂರ್ತಿ ಹೆಸರೂ ಟೈಟಸ್ ಫ್ಲೇವಿಯಸ್ ವೆಸ್ಪಾಸಿಯಾನಸ್. ಬರಹದ ಆರಂಭದಲ್ಲಿ ಒಂಟಿ ‘ಟಿ’ ಇದೆಯೋ ಇಲ್ಲವೋ ಎಂಬುದರ ಮೇಲೆ ಅಪ್ಪ ಮಗ ಬೇರೆಯಾಗುತ್ತಾರೆ. ಸುಮಾರು ಇನ್ನೂರು ವರ್ಷ ಅಂತರದ ಇಬ್ಬರು ಕ್ಲಾಡಿಯಸ್‌ಗಳಂತೂ ಬಲು ಸುಲಭ: ಎರಡನೆಯವನ ನಾಣ್ಯ ಹೆಚ್ಚಾಗಿ ಕಳಪೆ ಲೋಹದ್ದು, ತಲೆಗೆ ಸೂರ್ಯಕಿರಣದಂಥ ಮುಳ್ಳುಮುಳ್ಳು ಕಿರೀಟ.

ಇದೆಲ್ಲ ಯುರೋಪಿನವರ ಉಸಾಬರಿ ಎಂದು ಕೈಬಿಡುವಂತಿಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಮೇಲೆ ಎಚ್‌ಎಎಲ್ ಪ್ರದೇಶದಲ್ಲೂ ಒಂದು ರಾಶಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಆಗಸ್ಟಸ್, ಟೈಬೀರಿಯಸ್ ಬಂದಿದ್ದಾರೆ. ದಕ್ಷಿಣ ಭಾರತದ ಬೆಳ್ಳಿ ರಾಶಿಗಳಲ್ಲಿ ಈ ಇಬ್ಬರದೇ ದರ್ಬಾರು. 64ರಲ್ಲಿ ನೀರೊ ನಾಣ್ಯದ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ಇಳಿಸಿದ. ನಮ್ಮ ಕಡೆಯ ವ್ಯಾಪಾರಿಗಳು ಹಳೆಯ ಅಪ್ಪಟ ಬೆಳ್ಳಿಯನ್ನೇ ಬಯಸಿದ್ದು ಆ ಇಬ್ಬರ ದರ್ಬಾರಿಗೆ ಕಾರಣ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ.

ಇಲ್ಲಿಗೆ ಬಂದ ಆಗಸ್ಟಸ್‌ನ ಬೆಳ್ಳಿಯಲ್ಲಿ ಹೆಚ್ಚು ಕಾಣುವ ಬಗೆಯ ಹಿಂಬದಿಯಲ್ಲಿ ಇಬ್ಬರು ಎಳೆಯರು ಗುರಾಣಿ, ಈಟಿಗಳೊಂದಿಗೆ ನಿಂತಿದ್ದಾರೆ. ‘ಸಿ, ಎಲ್, ಸೀಸರೆಸ್’ ಎಂಬ ಬರಹವಿದೆ. ‘ಸಿ’ ಎಂದರೆ ಗಾಯಸ್. ಗಾಯಸ್ ಸೀಸರ್ ಎಂಬ ಹೆಸರು ಜೂಲಿಯಸ್ ಸೀಸರ್‌ಗೂ ಇತ್ತು, ಕಲಿಗುಲನಿಗೂ ಇತ್ತು. ಇಲ್ಲಿರುವವನು ಇಬ್ಬರೂ ಅಲ್ಲ, ಆಗಸ್ಟಸ್‌ನ ಮೊಮ್ಮಗ. ಪಕ್ಕದಲ್ಲಿರುವವನು ತಮ್ಮ ಲೂಸಿಯಸ್. ಅಜ್ಜ ಇಬ್ಬರನ್ನೂ ದತ್ತು ತೆಗೆದುಕೊಂಡು ಉತ್ತರಾಧಿಕಾರಿಗಳೆಂದು ಸಾರಿದ್ದ, ಕ್ರಿ.ಶ. 2 ಮತ್ತು 4ರಲ್ಲಿ ಇಬ್ಬರೂ ತೀರಿಕೊಂಡು ಗದ್ದುಗೆ ಟೈಬೀರಿಯಸ್ ಪಾಲಾಯಿತು. ಆಳದೇ ಹೋದ ಇಬ್ಬರು ಹುಡುಗರ ಚಿತ್ರ ರೋಮಿನಿಂದ ಇಷ್ಟು ದೂರ ಬಂದು ನಮ್ಮ ಮಣ್ಣಿನಲ್ಲಿ ಹೂತುಕೊಂಡಿತ್ತು.

ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನ ಇನ್ನೂ ಈಚಿನದು. ಅದರಲ್ಲಿ ಐದು, ಆರನೇ ಶತಮಾನದ ಪೂರ್ವ ರೋಮನ್ ಚಕ್ರವರ್ತಿಗಳಿದ್ದಾರೆ. ಆ ಕಾಲದಲ್ಲೂ ಹೆಸರಿನ ಗೋಜಲು ತಪ್ಪಿದ್ದಲ್ಲ. ಥಿಯೋಡೋಸಿಯಸ್ ಅಜ್ಜನೂ ಹೌದು, ಮೊಮ್ಮಗನೂ ಹೌದು. ಕಾನ್‌ಸ್ಟಾಂಟಿನೋಪಲ್‌ನ ಚಿನ್ನದಲ್ಲಿ ಅಜ್ಜ ಪಕ್ಕಕ್ಕೆ ತಿರುಗಿದ್ದಾನೆ, ಮೊಮ್ಮಗ ಶಿರಸ್ತ್ರಾಣ ತೊಟ್ಟು, ಹೆಗಲ ಮೇಲೆ ಈಟಿಯಿಟ್ಟು ನೇರವಾಗಿ ನಮ್ಮತ್ತ ನೋಡುತ್ತಾನೆ. ಜಸ್ಟಿನಸ್, ಜಸ್ಟಿನಿಯಾನಸ್ ನಡುವೆ ಮೂರಕ್ಷರದ ಅಂತರ. ಅಂಚು ಕತ್ತರಿಸಿದ ನಾಣ್ಯವಾದರೆ ಆ ಮೂರೇ ಕಾಣೆಯಾಗಿರುತ್ತವೆ.

ಹೊಲ ಉಳುವಾಗ, ಪಾಯ ತೋಡುವಾಗ ಇಂಥದ್ದು ಕೈಗೆ ಬಂದರೆ ಓದುಗರಲ್ಲಿ ಒಂದು ಕೋರಿಕೆ. ಹುಣಸೆಹಣ್ಣು, ಬೂದಿ, ನಿಂಬೆರಸ ಯಾವುದನ್ನೂ ಹಾಕಿ ಉಜ್ಜಬೇಡಿ. ಹೊಳಪು ಬರುವಷ್ಟರಲ್ಲಿ ಅಂಕಿ, ಮುಂಗೂದಲು, ನಕ್ಷತ್ರ ಎಲ್ಲವೂ ಹೋಗಿರುತ್ತದೆ. ಬೆಳ್ಳಿಯ ಬೆಲೆಗೆ ಅಕ್ಕಸಾಲಿಗನಿಗೂ ಕೊಡಬೇಡಿ, ಬಿಡಿಬಿಡಿಯಾಗಿ ಹಂಚಿಕೊಳ್ಳಲೂಬೇಡಿ. ಒಟ್ಟಿಗೆ ಸಿಕ್ಕ ರಾಶಿಯಲ್ಲಿ ಒಂದು ನಾಣ್ಯ ಇನ್ನೊಂದರ ಕಾಲ ಹೇಳುತ್ತದೆ, ಚದುರಿದರೆ ಹೇಳುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನೇ ಇದೆ. ಸಿಕ್ಕ ಜಾಗ, ಮಡಕೆಯಿದ್ದರೆ ಅದರ ಚೂರು, ಮೆತ್ತಿದ ಮಣ್ಣು ಎಲ್ಲವನ್ನೂ ಹಾಗೆಯೇ ಇಟ್ಟು ತಹಶೀಲ್ದಾರರ ಕಚೇರಿಗೋ ಜಿಲ್ಲಾಧಿಕಾರಿಗಳ ಕಚೇರಿಗೋ ಸುದ್ದಿ ಮುಟ್ಟಿಸಿ.